ಹಳ್ಳಕ್ಕೆ ಬಿಟ್ಟ ನೀರು

"ಹಳ್ಳ ಎಲ್ಲಿದೆ ಮೇಡಂ, ತೋರಿಸಿ" ಎಂದು ಮಾಯಾ ಕೇಳಿದಾಗ ರಾಹಿಲಳಿಗೆ ನಗು ತಡೆಯಲಾಗಲಿಲ್ಲ. ಹಳ್ಳದ ದಂಡೆಯ ಮೇಲೇ ನಿಂತು ಹಳ್ಳ ಎಲ್ಲಿ ಎನ್ನುತ್ತಾಳಲ್ಲ, ಈ ಬೆಂಗಳೂರಿನ ಹುಡುಗಿ!

"ನಿಮ್ಮ ಮುಂದನ ಹರ್ಯಾಕತ್ತೈತಲ್ರೀ. ಇನ್ನೊಂದ ಹೆಜ್ಜಿ ಇಟ್ರ ಬೀಳ್ತೀರಿ ನೋಡ್ರಿ ಮತ್ತ."

ಮಾಯಾ ನೋಡಿದಳು. ಬಣ್ಣ ಹಾಕುವ ಶೆಡ್ಡಿನಿಂದ ಬಂದ ಪೈಪು ನೇರವಾಗಿ ಹರಿಯುವ ನೀರಿಗೆ ಬಾಯಿ ತೆರೆದಿತ್ತು. ಅಲ್ಲಿಂದ ಮುಂದಿನ ಕಲ್ಲುಗಳೆಲ್ಲ ನೀಲಿ. ಹುಡುಗಿಯ ಮುಖ ಬಿಳಿಚಿಕೊಂಡಿತು.

"ಅಯ್ಯೋ ದೇವರೇ! ಇದು ತೊರೆ ಅಲ್ವಾ? ನೀವು ಹಳ್ಳ ಅಂದ್ರಿ!"

"ಹೌದ್ರಿ, ಹಳ್ಳ."

"ನಮ್ಮ ಕಡೆ ಹಳ್ಳ ಅಂದ್ರೆ ಗುಂಡಿ ಮೇಡಂ! ನೆಲದಲ್ಲಿ ತೋಡಿರೋ ಗುಂಡಿ! ನಾನು ಹಾಗೇ ಬರೆದು ಕಳಿಸಿದೀನಿ."

"ಅದಕ್ಕ ನಾವು ತಗ್ಗು ಅಂತೇವ್ರಿ" ಎನ್ನುತ್ತಿದ್ದಂತೆ ರಾಹಿಲಳ ನಗು ಅರ್ಧಕ್ಕೇ ನಿಂತಿತು.

ಮುಂಡಗೋಡದಿಂದ ಪಾಳಾ ಕಡೆಗೆ ಹೋಗುವ ರಸ್ತೆಯಲ್ಲಿ ಬಟ್ಟೆಚೀಲ ಹೊಲಿಯುವ ಈ ಪುಟ್ಟ ಕಂಪನಿಯನ್ನು ಕಟ್ಟಿದವಳು ರಾಹಿಲ. ಅಪ್ಪ ಉಸ್ಮಾನಸಾಬ ದಾಂಡೇಲಿಯಲ್ಲಿ ಮಿಲ್ಲಿನ ಕೆಲಸ ಮುಗಿಸಿ ಬಂದವನು ಮಗಳ ಹಟಕ್ಕೆ ಸೋತು ಶೆಡ್ಡು ಹಾಕಿಸಿಕೊಟ್ಟಿದ್ದ. ಈಗ ಹೊರದೇಶದ ವ್ಯಾಪಾರಿಯೊಬ್ಬ ವರ್ಷವಿಡೀ ಚೀಲ ಕೊಳ್ಳುತ್ತೇನೆ ಎಂದಿದ್ದ. ಒಂದೇ ಷರತ್ತು. ದುಡಿಯುವ ಮಂದಿಯನ್ನೂ ಸುತ್ತಲಿನ ನೆಲ, ನೀರನ್ನೂ ನೆಟ್ಟಗೆ ನೋಡಿಕೊಳ್ಳುವ ಕಂಪನಿ ಎಂಬ ಸರ್ಟಿಫಿಕೇಟು ಬೇಕು. ಅದು ಸಿಕ್ಕರೆ ಕಂಪನಿ ಉಳಿಯಿತು, ಇಲ್ಲವಾದರೆ ಬಾಗಿಲು ಹಾಕುವುದೇ.

ಕಂಪನಿಗಳನ್ನು ಆ ಪರೀಕ್ಷೆಗೆ ಸಿದ್ಧಮಾಡುವುದು ಮಾಯಾಳ ಕೆಲಸ. ಎಲ್ಲವನ್ನೂ ಫೋನಿನಲ್ಲೇ ಕೇಳಿ ಬರೆದು ಪರೀಕ್ಷಕರಿಗೆ ಕಳಿಸಿದ್ದಳು. ಬಣ್ಣದ ನೀರು ಎಲ್ಲಿಗೆ ಬಿಡ್ತೀರಾ ಎಂದರೆ, ಹಳ್ಳಕ್ಕ ಬಿಡ್ತೇವ್ರಿ ಎಂದು ರಾಹಿಲ ಎದೆಯುಬ್ಬಿಸಿ ಹೇಳಿದ್ದಳು. ಮಂದಿಯ ಹಾಗೆ ರಸ್ತೆಗೆ ಬಿಡುವುದಿಲ್ಲವಲ್ಲ, ಅದೇ ಅವಳ ಹೆಮ್ಮೆ! ದನಕರು ಬೀಳದ ಹಾಗೆ ನೋಡ್ಕೊಳ್ಳಿ ಎಂದು ಹುಡುಗಿ ಹೇಳಿದಾಗ, ಯಾವ ಊರಿನ ದನ ಹಳ್ಳಕ್ಕೆ ಬೀಳುತ್ತದಪ್ಪಾ ಎಂದುಕೊಂಡು ಸುಮ್ಮನಾಗಿದ್ದಳು. ಆಗಲಾದರೂ ತಲೆಗೆ ಹೊಳೆಯಬಾರದಿತ್ತೇ? ಇಬ್ಬರೂ ಆಡಿದ್ದು ಕನ್ನಡವೇ, ಆದರೂ ಒಬ್ಬಳ ಮಾತು ಇನ್ನೊಬ್ಬಳಿಗೆ ಮುಟ್ಟಿರಲಿಲ್ಲ. ನಾಳೆ ಬೆಳಿಗ್ಗೆ ಪರೀಕ್ಷಕರು ಬರುವವರಿದ್ದರು.

ಮಾಯಾ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಒಂದು ಕೆಲಸ ಮಾಡಿ. ಸಂಜೆಯೊಳಗೆ ಇಲ್ಲೊಂದು ಗುಂಡಿ ತೋಡಿಸಿ, ಪೈಪು ಅದರ ಕಡೆ ತಿರುಗಿಸಿಬಿಡಿ. ಅವರು ನೋಡ್ಕೊಂಡು ಹೋಗಲಿ. ಆಮೇಲಿಂದು ಆಮೇಲೆ."

ರಾಹಿಲಳಿಗೆ ಹೋದ ಜೀವ ಬಂದಂತಾಯಿತು. ಸುಳ್ಳೇನೋ ಹೌದು. ಆದರೆ ಇಷ್ಟೆಲ್ಲ ಓಡಾಡಿ, ಕೊನೆಗೆ ಒಂದು ಶಬ್ದದ ಸಲುವಾಗಿ ಎಲ್ಲ ಮಣ್ಣುಪಾಲಾಗಬೇಕೇ? "ಮಣಿಬಾಯೀ, ಗುದ್ದಲಿ ತಗೊಂಡ ಬಾ ಲಗೂನ!" ಎಂದು ಕೂಗಿದಳು.

ಮಣಿಬಾಯಿ ಬಣ್ಣ ಹಾಕುವವಳು. ಹಳ್ಳದ ಕೆಳಗಿನ ತಾಂಡಾದಿಂದ ದಿನಾ ನಡೆದು ಬರುತ್ತಾಳೆ. ಮೊಣಕೈತನಕ ನೀಲಿಯಾದ ಕೈಗಳಲ್ಲಿ ಗುದ್ದಲಿ ಹಿಡಿದು ಬಂದು ಎಲ್ಲ ಕೇಳಿಸಿಕೊಂಡಳು. ಅವಳ ಮುಖ ಅರಳಿತು.

"ತೋಡೂಣ್ರಿ ಅಕ್ಕಾರ, ಅದಕ್ಕೇನಂತ. ಛಲೋನ ಆತು. ಎರಡ ದಿನಾ ನೀರ ತಿಳಿ ಬಂದ್ರ ತಾಂಡಾದಾಗ ಎಲ್ಲಾರೂ ಕೊಡಾ ತುಂಬಿ ಇಟಗೋತೇವಿ."

"ಕೊಡಾ? ಯಾತಕ್ಕ?"

"ಕುಡ್ಯಾಕ್ರಿ."

ಏನು ಕೇಳಿಸಿತೆಂಬುದು ರಾಹಿಲಳಿಗೆ ಒಮ್ಮೆಗೇ ತಿಳಿಯಲಿಲ್ಲ. ತಿಳಿದ ಮೇಲೆ ನೀಲಿ ಕಲ್ಲುಗಳ ಕಡೆ ತಿರುಗಿದಳು.

"ಈ ನೀರ ಕುಡೀತೀರಿ ನೀವು?"

"ಬೋರ್ ಕೆಟ್ಟ ಮ್ಯಾಲ ಇದ ನೀರಲ್ರೀ. ಹಳೇ ಸೀರಿ ಅರಿವಿಲೆ ಸೋಸ್ತೇವಿ. ಕೆಂಪ ಬಂದ ದಿನ ಮುಟ್ಟಾಂಗಿಲ್ಲ, ವಾಸನಿ ಹೊಡೀತೈತಿ. ನೀಲೀದ ಅಷ್ಟೇನ ವಾಸನಿ ಇಲ್ಲ ಬಿಡ್ರಿ."

ಯಾ ಅಲ್ಲಾ! ನೀಲಿಗೆ ವಾಸನೆ ಇಲ್ಲವಂತೆ! ರಾಹಿಲ ಹೌಹಾರಿ ಅವಳ ತೋಳು ಹಿಡಿದು ಅಲುಗಿಸಿದಳು. "ನೀರ ಬಿಡಾಕೀನೂ ನೀನ, ಕುಡ್ಯಾಕೀನೂ ನೀನ! ನಿನ್ನ ಬಾಯಿಗೇನಾಗಿತ್ತ, ಒಂದ ಮಾತ ಹೇಳಾಕ?"

"ಏನಂತ ಹೇಳ್ಲಿ? ಹೇಳಿದ್ರ ಬಣ್ಣದ ಕೆಲಸ ನಿಂದರಸ್ತಿದ್ರಿ. ಬಣ್ಣದಾಕಿ ನಾನ ಅಲ್ಲೇನ್ರಿ?"

ಈದಿಗೆ ಇವಳ ಮನೆಗೆ ಸುರಕುಂಬಾ ಪಾಯಸ ಕಳಿಸಿ, ನಮ್ಮ ಕಂಪನಿಯಲ್ಲಿ ಎಲ್ಲರೂ ಮನೆಯವರಿದ್ದಂತೆ ಎಂದು ಬೀಗಿದ್ದವಳು ರಾಹಿಲ. ತನ್ನ ಮನೆ ಇರುವುದು ಹಳ್ಳದ ಮೇಲ್ಗಡೆ, ಕುಡಿಯುವುದು ಸ್ವಂತ ಬೋರಿನ ನೀರು. ಕೆಳಗಡೆ ಯಾರಿದ್ದಾರೆ ಎಂದು ಒಂದು ದಿನವಾದರೂ ಯೋಚಿಸಿದ್ದಳೇ? ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಗುದ್ದಲಿಯನ್ನು ಕಸಿದು ದೂರ ಬಿಸಾಕಿದಳು.

"ಮಾಯಾ ಅವರ, ಇದ್ದದ್ದನ್ನ ಇದ್ದಂಗ ಬರೀರಿ. ತಗ್ಗೂ ಬ್ಯಾಡ, ಗಿಗ್ಗೂ ಬ್ಯಾಡ."

"ಮೇಡಂ, ಸರ್ಟಿಫಿಕೇಟ್ ಸಿಗಲ್ಲ. ಆರ್ಡರೂ ಹೋಗುತ್ತೆ."

"ಹೋಗ್ಲಿ."

ಹೌಹಾರುವ ಸರದಿ ಈಗ ಮಣಿಬಾಯಿಯದು. ಓಡಿಹೋಗಿ ಗುದ್ದಲಿ ಎತ್ತಿಕೊಂಡಳು. "ಹೋಗ್ಲಿ ಅಂದ್ರ ಹೆಂಗ್ರೀ? ನಾ ತೋಡ್ತೇನಿ, ಒಬ್ಬಾಕೀನ ತೋಡ್ತೇನಿ! ಇಷ್ಟ ದಿನ ಕುಡದೇವಲ್ಲ, ಸತ್ತೇವೇನ?" ಎನ್ನುತ್ತ ನೆಲಕ್ಕೆ ಏಟು ಹಾಕಿಯೇಬಿಟ್ಟಳು.

ರಾಹಿಲ ಗುದ್ದಲಿಯ ಕಾವು ಹಿಡಿದು ತಡೆದಳು. "ಬ್ಯಾಡ ಮಣಿಬಾಯಿ. ಇವತ್ತಿಂದ ಬಣ್ಣ ಬಂದ್. ಬಿಳೇ ಚೀಲಾ ಹೊಲ್ಯೂಣು, ನಡಿಯೂತನಕ ನಡೀಲಿ. ಕೊಡಾ ತಗೊಂಡ ಬರ್ರಿ ಎಲ್ಲಾರೂ. ನಮ್ಮ ಬೋರಿನ ನೀರ ನಾನ ಗಾಡ್ಯಾಗ ತಂದ ಹಾಕ್ತೇನಿ, ದಿನಾ."

ಮಣಿಬಾಯಿ ಗುದ್ದಲಿ ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀವ ಯಾಕ ತರ್ತೀರಿ ಅಕ್ಕಾರ? ಕಂಪನಿ ಮುಚ್ಚಿದ್ರ ಹಳ್ಳ ತಾನ ತಿಳಿ ಆಗತೈತಿ. ಬರೇ ನೀರ ಕುಡದ ಮಲಗತೇವಿ."