ಹನ್ನೊಂದನೆಯ ಹೆಜ್ಜೆ

ಕುಣಿತದ ಸಿಂಹದ ತಲೆ ಹೊತ್ತವನ ಒಂದು ಕಾಲು ಹೊಸಿಲ ಒಳಗಿತ್ತು, ಬಾಲದವನು ಇನ್ನೂ ಓಣಿಯಲ್ಲೇ ಇದ್ದ. ಅಷ್ಟರಲ್ಲಿ ಗರಡಿಯ ಕ್ವಾನ್ ಗುರುಗಳು ಅಡ್ಡ ಕೈ ಹಿಡಿದರು.

"ನಿಲ್ಸಿ! ಯಾರು ಹೇಳಿದ್ದು ಸಿಂಹ ತರೋಕೆ?"

ನಗಾರಿಯವನ ಕೋಲು ಗಾಳಿಯಲ್ಲೇ ನಿಂತಿತು. ಕುಣಿಯುವ ಹುಡುಗರು ಬಟ್ಟೆಯ ಸಿಂಹದೊಳಗೇ ತಲೆ ತಗ್ಗಿಸಿದರು.

"ನಾನು ಹೇಳಿದ್ದು," ಎಂದಳು ಸುಕ್‌ಲಾನ್. ಬಿಳಿ ನಾರಿನ ಉಡುಪು ತೊಟ್ಟು ಅಮ್ಮನ ಶವಪೆಟ್ಟಿಗೆಯ ಮುಂದೆ ಊದಿನಕಡ್ಡಿ ಹಚ್ಚುತ್ತಿದ್ದವಳು ಎದ್ದು ಬಂದಳು. "ಅಮ್ಮನಿಗೆ ಸಿಂಹ ಮಂಡಿಯೂರಬೇಕು. ಮೂರು ಸಲ."

ಅಂಗಳದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದವರ ಕೈಗಳೂ ನಿಂತವು. ಗರಡಿಯ ಸಿಂಹ ಮದುವೆಗೆ ಕುಣಿಯುತ್ತದೆ, ಅಂಗಡಿ ತೆರೆದರೆ ಕುಣಿಯುತ್ತದೆ, ಹೊಸ ವರ್ಷಕ್ಕಂತೂ ಕುಣಿದು ಕುಣಿದು ಸುಸ್ತಾಗುತ್ತದೆ. ಆದರೆ ಹೆಣದ ಮುಂದೆ ಅದು ಮಂಡಿಯೂರುವುದು ವರಸೆ ಕಲಿಸಿದ ಗುರುವಿಗೆ ಮಾತ್ರ. ತೀರಿಕೊಂಡಿದ್ದ ಮಾಕ್ ಕಿಯು ಐವತ್ತೆಂಟು ವರ್ಷ ನಮ್ಮ ಓಣಿಯಲ್ಲಿ ಸೋಯಾ ಕಾಳು ಬೀಸಿ ತೋಫು ಮಾಡಿ ಮಾರಿದವಳು.

"ನೋಡಮ್ಮ," ಕ್ವಾನ್ ದನಿ ಇಳಿಸಿದರು, "ನಿಮ್ಮಮ್ಮನ ತೋಫು ತಿಂದು ಬೆಳೆದ ಮೈ ಇದು. ಪೆಟ್ಟಿಗೆಗೆ ನಾನೇ ಹೆಗಲು ಕೊಡ್ತೀನಿ. ಆದ್ರೆ ಸಿಂಹ ಮಂಡಿಯೂರೋದು ಗುರುವಿಗೆ."

"ಅದಕ್ಕೇ ಕರೆಸಿದ್ದು. ನಿಮ್ಮ ಗರಡಿಯ ಕೋಲುವರಸೆ ಕಲಿಸಿದ್ದು ನಮ್ಮಮ್ಮ."

ಕ್ವಾನ್ ಮುಖ ಕೆಂಪಾಯಿತು. "ನಂಗೆ ಕಲಿಸಿದ್ದು ಪೂನ್ ಗುರುಗಳು. ಅವರಿಗೆ ಲುಕ್ ದೊಡ್ಡಗುರುಗಳು. ಪೂನ್ ಗುರುಗಳೇ ನನ್ನೆದುರಿಗೆ ಹೇಳಿದಾರೆ. ಅವರು ಸುಳ್ಳು ಹೇಳಿದ್ರು ಅಂತೀಯಾ?"

"ಹೌದು. ಅಮ್ಮನೇ ಹೇಳಿಸಿದ್ಲು."

ಯಾರೋ ಕೆಮ್ಮಿದರು. ಪಕ್ಕದ ಮನೆಯ ಮೀನಿನ ಸೀತೂ, ಎಂಬತ್ತು ದಾಟಿದ ಮುದುಕ, ಬೊಚ್ಚುಬಾಯಿ ಬಿಟ್ಟು ನಕ್ಕ. ನಡುಹಗಲಿಗೆ ಪೆಟ್ಟಿಗೆ ಏಳಬೇಕಿತ್ತು. ಅಷ್ಟರೊಳಗೆ ಸಿಂಹ ಮಂಡಿಯೂರದಿದ್ದರೆ ಕಿಯು ಬರೀ ತೋಫುವಿನವಳಾಗಿ ಮಸಣದ ಗುಡ್ಡ ಹತ್ತುತ್ತಿದ್ದಳು. ಆಮೇಲೆ ಯಾರು ಏನು ಹೇಳಿದರೂ ಅದು ಹೆಂಗಸರ ಮಾತು ಅನ್ನಿಸಿಕೊಳ್ಳುತ್ತಿತ್ತು.

*

ಎಷ್ಟೋ ವರ್ಷಗಳ ಹಿಂದೆ, ಸರಕಾರ ಗರಡಿಗೆ ಬೀಗ ಜಡಿದ ವರ್ಷ ಕೋಲುಗಳನ್ನೆಲ್ಲ ಬೀದಿಯಲ್ಲಿ ರಾಶಿ ಹಾಕಿ ಸುಟ್ಟಿದ್ದರು. ವರಸೆ ಹಾಕಿದವರನ್ನು ಹಿಡಿದೊಯ್ಯುತ್ತಿದ್ದ ಕಾಲ. ಲುಕ್ ದೊಡ್ಡಗುರುಗಳ ಬಲಗೈ ಬಲಗಾಲು ಅದೇ ವಾರ ಸ್ವಾಧೀನ ತಪ್ಪಿದವು. ಮಕ್ಕಳಿರಲಿಲ್ಲ. ಶಿಷ್ಯರು ಹೆದರಿ ಆ ಕಡೆ ತಲೆ ಹಾಕಲಿಲ್ಲ. ವಿಧವೆ ಕಿಯು ತೋಫು ಗಾಡಿಯಲ್ಲಿ ಅವರನ್ನು ಹಾಕಿಕೊಂಡು ಬಂದು, ಒಲೆಯ ಬಿಸಿ ತಾಗಲೆಂದು ಅಡುಗೆಮನೆಯಲ್ಲೇ ಮಂಚ ಹಾಕಿಸಿದಳು.

ಒಂದು ಮಧ್ಯಾಹ್ನ ಅವಳು ಬೀಸುಕಲ್ಲು ತಿರುಗಿಸುವುದನ್ನು ನೋಡುತ್ತಿದ್ದ ದೊಡ್ಡಗುರುಗಳು ಒಂದೇ ಸಮನೆ ಅಳತೊಡಗಿದರು.

"ಏನಾಯ್ತು ಗುರುಗಳೇ, ನೋವಾ?"

"ನಿನ್ನ ಕಾಲು ನೋಡೇ, ನೆಲ ಕಚ್ಚಿ ನಿಂತಿದೆ. ಇಪ್ಪತ್ತು ವರ್ಷ ಬೈದರೂ ಆ ಗಂಡಸರಿಗೆ ಹೀಗೆ ನಿಲ್ಲೋಕೆ ಬರಲಿಲ್ಲ. ಆ ಬಟ್ಟೆ ಒಣಗಿಸೋ ಬಿದಿರು ತಗೋ."

"ನಾನಾ?"

"ನನ್ನ ಹತ್ರ ಇನ್ಯಾರಿದಾರೆ?"

ಓಣಿಯೆಲ್ಲ ಊಟ ಮಾಡಿ ಮಲಗಿದ ಹೊತ್ತಿನಲ್ಲಿ ಪಾಠ. ಅವರು ಮಂಚದಿಂದ ಹೇಳುವುದು, ಇವಳು ಹಾಕುವುದು. ಹೆಜ್ಜೆಯ ಸದ್ದು ಹೊರಗೆ ಕೇಳದಂತೆ ಹದಿನೇಳರ ಸುಕ್‌ಲಾನ್ ಬರಿಯ ಬೀಸುಕಲ್ಲನ್ನು ಗರಗರ ತಿರುಗಿಸುವುದು. ಹನ್ನೊಂದನೆಯ ಹೆಜ್ಜೆಗೆ ಬಂದಾಗ ಕಿಯು ನಿಂತಳು.

"ಗುಡಾಣ ಅಡ್ಡ ಬರತ್ತೆ ಗುರುಗಳೇ."

"ಸರಿಸು."

"ಓಣಿಗೆಲ್ಲ ಆಗೋಷ್ಟು ಕಾಳು ನೆನೆಹಾಕಿದೀನಿ ಅದ್ರಲ್ಲಿ. ನಿಮ್ಮ ಗರಡಿ ಪೂರ್ತಿ ಬಂದ್ರೂ ಅಲ್ಲಾಡಲ್ಲ."

ದೊಡ್ಡಗುರುಗಳು ಎಷ್ಟೋ ತಿಂಗಳ ಮೇಲೆ ನಕ್ಕರು. "ಸುತ್ತಿ ಹೋಗು ಹಾಗಾದ್ರೆ. ಕಾಳು ಮಾತ್ರ ಚೆಲ್ಲಬೇಡ."

ಎರಡನೆಯ ಚಳಿಗಾಲದಲ್ಲಿ ಅವರು ತೀರಿಹೋದರು. ಆಮೇಲೆ ದೋಣಿಯ ಪೂನ್ ಬಂದ, ಅದೇ ಅಡುಗೆಮನೆಯಲ್ಲಿ ಕಿಯುವಿನಿಂದ ಆರು ವರ್ಷ ಕಲಿತ. ಗರಡಿಯ ಬೀಗ ತೆಗೆದ ದಿನ ಅವನು ಚಹಾದ ಬಟ್ಟಲು ಹಿಡಿದು ಅವಳ ಮುಂದೆ ಮಂಡಿಯೂರಿದ. ಗುರುವೆಂದು ಒಪ್ಪಿಕೊಳ್ಳುವುದೆಂದರೆ ಆ ಚಹಾ ಕುಡಿಯುವುದು. ಅವಳು ಕುಡಿಯಲಿಲ್ಲ.

"ತೋಫುವಿನವಳು ಕಲಿಸಿದ್ಲು ಅಂದ್ರೆ ನಿನ್ನ ಗರಡಿಗೆ ನಾಯಿನೂ ಬರಲ್ಲ. ದೊಡ್ಡಗುರುಗಳೇ ಕಲಿಸಿದ್ರು ಅನ್ನು. ವರಸೆ ಉಳೀಲಿ. ಚಹಾ ನೀನೇ ಕುಡಿ, ಆರ್ತಾ ಇದೆ."

*

"ಸಾಕ್ಷಿ ಏನಿದೆ?" ಕ್ವಾನ್ ಕೇಳಿದರು. "ಪೂನ್ ಗುರುಗಳಿಲ್ಲ, ದೊಡ್ಡಗುರುಗಳಿಲ್ಲ. ನಿಮ್ಮಮ್ಮನೂ ಇಲ್ಲ."

"ಅಡುಗೆಮನೆ ಇದೆ," ಎಂದಳು ಸುಕ್‌ಲಾನ್. "ಒಳಗೆ ಬಂದು ಒಂದ್ಸಲ ವರಸೆ ಹಾಕಿ. ಏನೂ ಕಾಣದಿದ್ರೆ ಸಿಂಹಾನ ನಾನೇ ವಾಪಸ್ ಕಳಿಸ್ತೀನಿ, ಎಲ್ಲರ ಮುಂದೆ ತಪ್ಪಾಯ್ತು ಅಂತೀನಿ."

"ಆ ಗೂಡಲ್ಲಿ? ಎಂಟಡಿ ಕೋಲು ಹಿಡ್ಕೊಂಡು?"

"ಯಾಕೋ ಕ್ವಾನು," ಸೀತೂ ಕೆಣಕಿದ, "ತೋಫು ಹೆದರಿಸ್ತಾ?"

ಅಷ್ಟು ಸಾಕಾಯಿತು. ಕ್ವಾನ್ ಶಿಷ್ಯನ ಕೈಯಿಂದ ಕೋಲು ಕಿತ್ತುಕೊಂಡು ಒಳಗೆ ನಡೆದರು. ಬಾಗಿಲಲ್ಲಿ ತಲೆಗಳು ಮುತ್ತಿಕೊಂಡವು.

ಸುಕ್‌ಲಾನ್ ಅವರನ್ನು ಹಿಂದೆ ದೊಡ್ಡಗುರುಗಳ ಮಂಚವಿದ್ದ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿದಳು. ಮೊದಲ ತಿವಿತಕ್ಕೆ ಕೋಲಿನ ತುದಿ ಎದುರು ಗೋಡೆಗೆ ಗೇಣು ದೂರದಲ್ಲಿ ನಿಂತಿತು. ನಾಲ್ಕನೆಯದರಲ್ಲಿ ಕೋಲನ್ನು ಎತ್ತಿದವರು ತಟ್ಟನೆ ತಗ್ಗಿಸಬೇಕು. ತಗ್ಗಿಸಿದರು, ಕೋಲು ಹೊಗೆ ಹಿಡಿದ ತೊಲೆಯ ಕೆಳಗೆ ನುಣ್ಣಗೆ ಜಾರಿತು. ಏಳನೆಯದು ಎರಡು ತಗ್ಗು ತಿವಿತ. ಯಾಕೆ ಎರಡು, ಯಾಕೆ ತಗ್ಗು ಎಂದು ಇಷ್ಟು ವರ್ಷದಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಕೋಲು ತಗ್ಗು ಕಿಟಕಿಯ ಸರಳುಗಳ ಎರಡು ಸಂದುಗಳಲ್ಲಿ ಒಂದೊಂದು ಸಲ ಸುಯ್ಯನೆ ಹೊರಗೆ ಹೋಗಿ ಒಳಗೆ ಬಂತು. ಓಣಿಯ ಕೋಳಿಯೊಂದು ಕಿರುಚಿಕೊಂಡು ಓಡಿತು.

ಕ್ವಾನ್ ಹಣೆಯಲ್ಲಿ ಬೆವರು ಮೂಡಿತ್ತು. ಹನ್ನೊಂದನೆಯ ಹೆಜ್ಜೆ ಅವರ ಹೆಮ್ಮೆ. ಬೇರೆ ಗರಡಿಗಳವರು ಇಲ್ಲಿ ನೇರ ಹೋಗುತ್ತಾರೆ. ನಮ್ಮ ಗರಡಿಯಲ್ಲಿ ಮಾತ್ರ ಎಡಗಾಲು ಬಳಸಿಕೊಂಡು ಹೋಗುತ್ತದೆ. ಅದಕ್ಕೆ ಚಂದ್ರಪ್ರದಕ್ಷಿಣೆ ಎಂದು ಅವರೇ ಹೆಸರಿಟ್ಟು, ಅದರ ಗೂಢಾರ್ಥವನ್ನು ಹೊಸ ಶಿಷ್ಯರಿಗೆ ಅರ್ಧ ಗಂಟೆ ಕೊರೆಯುತ್ತಿದ್ದರು.

ಎಡಗಾಲು ಎದ್ದಿತು, ಬಳಸಿತು, ಊರಿತು. ಹೆಜ್ಜೆಯ ಒಳಗೆ, ಕಾಲಿಗೂ ಕೋಲಿಗೂ ನಡುವೆ, ಒಂದಿಷ್ಟೂ ತಾಗದಂತೆ, ಸೊಂಟದೆತ್ತರದ ಗುಡಾಣ ಕೂತಿತ್ತು. ಕಿಯು ಸಾಯುವ ಮುಂಚಿನ ದಿನ ನೆನೆಹಾಕಿದ ಕಾಳು ಅದರಲ್ಲಿ ಮೊಳಕೆಯೊಡೆದಿತ್ತು.

ಕ್ವಾನ್ ಬಗ್ಗಿ ನೋಡಿದರು. ಗುಡಾಣದ ಸುತ್ತ ಇಟ್ಟಿಗೆಯ ನೆಲ ಅರ್ಧಚಂದ್ರದಂತೆ ಸವೆದು ಹೋಗಿತ್ತು. ಅವರ ಕಾಲು ಆ ಸವೆತದೊಳಗೇ ಇತ್ತು.

"ಚಂದ್ರ ಅಲ್ಲಪ್ಪಾ," ಎಂದ ಸೀತೂ, "ಗುಡಾಣ!"

ಸತ್ತ ಮನೆ ಎಂಬುದನ್ನೂ ಮರೆತು ಬಾಗಿಲ ತುಂಬ ನಗು ಒಡೆಯಿತು. ಕ್ವಾನ್ ಗುರುಗಳು ನಗಲಿಲ್ಲ. ಗುಡಾಣದ ಅಂಚು ಹಿಡಿದು ಕೂತುಬಿಟ್ಟರು.

"ಸುಕ್‌ಲಾನ್, ನಿಮ್ಮಮ್ಮ ದಿನಾ ಗರಡಿ ಬಾಗಿಲಿಗೆ ಬರೋಳು. ತೋಫು ಇಟ್ಟು, ಒಂದು ಗಳಿಗೆ ನಿಂತು, ಹುಡುಗರ ಕಾಲು ನೋಡೋಳು. ಮುದುಕಿಗೆ ಇದೇನು ಗೊತ್ತಾಗತ್ತೆ ಅನ್ಕೋತಿದ್ದೆ. ಒಂದ್ಸಲ ಬೈದೂ ಕಳಿಸಿದ್ದೆ." ಅವರು ಅಂಚು ಬಿಟ್ಟು ಎದ್ದರು. "ಚಹಾ ಇದೆಯಾ ಮನೇಲಿ?"

ಅರವತ್ತು ಶಿಷ್ಯರ ಗುರು, ಕಿವಿಯವರೆಗೂ ನರೆತ ಮನುಷ್ಯ, ಶವಪೆಟ್ಟಿಗೆಯ ಮುಂದೆ ಮಂಡಿಯೂರಿ ಎರಡೂ ಕೈಯಲ್ಲಿ ಬಟ್ಟಲು ಎತ್ತಿದ. ಈ ಸಲ ಬೇಡವೆನ್ನಲು ಅವಳಿರಲಿಲ್ಲ. ಚಹಾ ನೆಲಕ್ಕೆ ಬಿತ್ತು, ನೆಲ ಕುಡಿಯಿತು.

"ಸಿಂಹ ಬರಲಿ!" ಎಂದು ಕ್ವಾನ್ ಕೂಗಿದ್ದು ಮೀನುಪೇಟೆಯವರೆಗೂ ಕೇಳಿಸಿತು.

ನಗಾರಿ ಗುಡುಗಿತು. ಸಿಂಹ ಒಳಗೆ ಬಂದು ರೆಪ್ಪೆ ಮುಚ್ಚಿ ಒಂದು ಸಲ ಮಂಡಿಯೂರಿತು, ಎರಡು ಸಲ, ಮೂರು ಸಲ. ಸುಕ್‌ಲಾನ್ ಆಗ ಅತ್ತಳು, ಸೋತವರ ಹಾಗಲ್ಲ.

ಪೆಟ್ಟಿಗೆ ಎತ್ತುವ ಮುನ್ನ ಶಿಷ್ಯರೆಲ್ಲ ಓಣಿಯ ಮುಂದಿನ ಬಯಲಲ್ಲಿ ಕೋಲು ಹಿಡಿದು ಸಾಲಾಗಿ ನಿಂತರು. ಒಬ್ಬ ಹಿಂಜರಿಯುತ್ತ ಕೇಳಿದ, "ಗುರುಗಳೇ, ಹನ್ನೊಂದನೇದು ಇನ್ಮೇಲೆ ನೇರ ಹಾಕೋದಾ?"

"ಹಾಕಿ ನೋಡು, ಕಾಲು ಮುರೀತೀನಿ."

ನಗಾರಿ ಬಿತ್ತು. ಅರವತ್ತು ಕೋಲು ಒಟ್ಟಿಗೆ ತಿವಿದವು, ಇಲ್ಲದ ತೊಲೆಯ ಕೆಳಗೆ ತಗ್ಗಿದವು, ಇಲ್ಲದ ಕಿಟಕಿಯಲ್ಲಿ ಎರಡೆರಡು ಸಲ ತೂರಿ ಬಂದವು. ಆಮೇಲೆ ಆ ಬಟ್ಟಬಯಲಿನಲ್ಲಿ ಅರವತ್ತು ಎಡಗಾಲುಗಳು ಅರವತ್ತು ಗುಡಾಣಗಳನ್ನು ಬಳಸಿಕೊಂಡು ಹೋದವು. ಒಂದು ಕಾಳೂ ಚೆಲ್ಲಲಿಲ್ಲ.