ಯಾರ ಕೈಯಳತೆ

ಬಿಳಿಯೋ ಬೂದಿ ಬಣ್ಣವೋ, ಅಡುಗೆಮನೆ ಕಪಾಟಿನ ಬಾಗಿಲಿಗೆ ಅಂತ ತಂದ ಎರಡು ಮಾದರಿ ತುಂಡನ್ನೂ ಕಿಟಕಿಯ ಹತ್ತಿರ ಹಿಡಿದರೆ ಬಿಳಿಯದು ಹಳದಿ ಹೊಡೆಯುತ್ತದೆ, ಅಂಗಡಿಯ ದೀಪದಲ್ಲಿ ಹೀಗಿರಲಿಲ್ಲ, ಹಾಳಾದ ಅಂಗಡಿಯವನು ಮಂಕುಬೂದಿ ಎರಚಿದ, ಹಿಡಿಕೆಯೇ ಬೇಡ ಮೇಡಂ, ಒತ್ತಿದರೆ ತೆರೆಯುತ್ತೆ, ಈಗೆಲ್ಲ ಅದೇ — ಕೇಳಿ ಅವಳ ಬಾಯಲ್ಲಿ ನೀರೂರಿತ್ತು, ಇಪ್ಪತ್ತೆರಡು ವರ್ಷ ಮಸಿ ಹಿಡಿದ ಹಲಗೆ, ಜಿರಲೆ, ಬಂದವರೆದುರು ಡಬ್ಬಿಗಳ ಮೆರವಣಿಗೆ, ಸಾಕಾಗಿತ್ತು. ಹಲಗೆ ನಿನ್ನೆ ಕಿತ್ತಾಯಿತು. ಗೋಡೆ ಬೋಳು. ಬಡಗಿ ಪೆನ್ಸಿಲ್ ಹಿಡಿದು ನಿಂತಿದ್ದಾನೆ, ಅಕ್ಕಾ, ಈ ಅಡುಗೆಮನೇಲಿ ಕೆಲಸ ಮಾಡೋರು ಯಾರು, ಅವರು ಕೈ ಎತ್ತಿ ನಿಲ್ಲಲಿ, ಎಟುಕುವಲ್ಲಿಗೆ ಗೆರೆ ಎಳೀತೀನಿ. ಯಾರು ಅಂತ ಏನು ಕೇಳೋದು, ಬೆಳಗಿಂದ ಸಂಜೆವರೆಗೆ ಸಾಯುವವಳು ಅವಳೇ ತಾನೆ, ಮೇಲಿನ ಕಪಾಟಿನ ಸಾಲು ಎತ್ತರ ಹೋದಷ್ಟೂ ಕೆಳಗೆ ಮಿಕ್ಸಿಗೆ ಜಾಗ, ಒಲೆಯ ಪಕ್ಕ ಎಳೆಯುವ ಡ್ರಾಯರ್, ಎಲ್ಲ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾಳೆ — ಆದರೆ ಅತ್ತೆ. ಅತ್ತೆ ಅವಳಿಗಿಂತ ಒಂದು ಗೇಣು ಗಿಡ್ಡ, ಕಣ್ಣು ಮಂಜಾಗಿ ಮೂರು ವರ್ಷ, ಆದರೂ ಬೆಳಗಿನ ಟೀ ಅವರ ಕೈಯದೇ, ಹಲಗೆಯ ಮೇಲೆ ಎಡದಿಂದ ಮೊದಲು ಸಕ್ಕರೆ, ಎರಡನೆಯದು ಟೀಪುಡಿ, ತಡವಿ ತೆಗೆದರೆ ಒಂದು ಚೂರೂ ಚೆಲ್ಲದು. ಒಂದು ಸಲ ಸಿಟ್ಟಿನಲ್ಲಿ ಇವಳು ಡಬ್ಬಿ ಅದಲುಬದಲು ಇಟ್ಟಳು, ಟೀಗೆ ಉಪ್ಪು ಬಿತ್ತು, ಗಂಡ ಒಂದು ಗುಟುಕಿಗೇ ಮುಖ ಕಿವುಚಿದ, ಅತ್ತೆ ಪೂರ್ತಿ ಕುಡಿದು ಲೋಟ ಇಟ್ಟು, ನಿನ್ನ ಸಂಸಾರದಲ್ಲಿ ಡಬ್ಬಿಗಳಿಗೂ ಕಾಲು ಬಂದಿದಾವೇನೇ, ಅಂದರು, ತಡವಿದರೆ ತಿಳಿಯಲಿ ಅಂತ ಉಪ್ಪಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಬಿದ್ದದ್ದು ಆಮೇಲೆ.

ಹೇಳಬೇಕಿತ್ತು. ಮಗಳ ಮನೆಗೆ ಹೋಗಿದ್ದ ಅತ್ತೆಗೆ ಹಲಗೆ ಕಿತ್ತದ್ದು ಗಂಡ ಹೇಳಿರುತ್ತಾನೆ ಅಂತ ಇವಳು, ಇವಳು ಹೇಳಿರುತ್ತಾಳೆ ಅಂತ ಅವನು, ಇವತ್ತು ಬೆಳಿಗ್ಗೆ ಬಂದವರೇ ನೇರ ಒಳಗೆ ನಡೆದು ಕೈ ಎತ್ತಿದರು, ಕೈ ಗಾಳಿಯಲ್ಲೇ ನಿಂತಿತು, ಐದು ಬೆರಳೂ ಬಿಡಿಸಿಕೊಂಡು, ಇನ್ನಷ್ಟು ಮುಂದೆ ಹೋಯಿತು, ಬರೀ ಗೋಡೆ. ಬೈದಿದ್ದರೆ ಇವಳೂ ಬೈಯಬಹುದಿತ್ತು, ಬಾಯಿಗೇನು ಬರ ಬಂದಿತ್ತೇ, ಅತ್ತೆ ಹೋಗಿ ಹೊರಗೆ ಕುರ್ಚಿಯಲ್ಲಿ ಕೂತುಬಿಟ್ಟರು, ಯಾರದೋ ಮನೆಗೆ ಬಂದವರ ಹಾಗೆ. ಗಂಡನಿಗೆ ಫೋನ್ ಮಾಡಿದರೆ ನಿನ್ನಿಷ್ಟ ಅಂದ, ಇಷ್ಟು ವರ್ಷ ಕಾಣದ ನನ್ನಿಷ್ಟ ಇವತ್ತೆಲ್ಲಿಂದ ಬಂತೋ, ಬಿಸಿ ಪಾತ್ರೆ ಕೈಗೆ ದಾಟಿಸಿದ ಹಾಗೆ. ಸಾಲು ಒಂದು ಗೇಣು ಇಳಿಸಿದರೆ ಇವಳ ಹಣೆಗೆ ದಿನಾ ಬಡಿಯುತ್ತದೆ, ಇಳಿಸದಿದ್ದರೆ — ಇಳಿಸಿದರೂ ತಾನೆ ಏನು, ಹಿಡಿಕೆಯಿಲ್ಲದ ನುಣುಪು ಬಾಗಿಲು, ಕಣ್ಣು ಕಾಣದವರಿಗೆ ಅದೂ ಗೋಡೆಯೇ, ಇದು ಅಂಗಡಿಯಲ್ಲಿ ಹೊಳೆಯಲಿಲ್ಲವೇ, ಹೊಳೆದೂ ಆರಿಸಿದಳೇ, ಇನ್ನಾದರೂ ಅಡುಗೆಮನೆ ನನ್ನದಾಗಲಿ ಅಂತ, ಛೆ, ಹಾಗೆಲ್ಲ ಅಂದುಕೊಂಡಿರಲಿಲ್ಲ, ಅಂದುಕೊಂಡಿದ್ದಳೋ ಏನೋ, ಬಿಳಿಯೋ ಬೂದಿಯೋ ಅಂತಷ್ಟೇ ನೆನಪು. ಎತ್ತಿ ಅಕ್ಕಾ, ಬಡಗಿ ಅನ್ನುತ್ತಿದ್ದಾನೆ, ಎತ್ತೋದಕ್ಕೇನು ಧಾಡಿ, ಕೈ ಏಳುತ್ತಿಲ್ಲ, ಬೋಳು ಗೋಡೆಯ ಮುಂದೆ ಬೆಳಿಗ್ಗೆಯಿಂದಲೇ ಒಂದು ಕೈ ಇದೆ, ಐದು ಬೆರಳೂ ಬಿಡಿಸಿಕೊಂಡು, ಸಕ್ಕರೆ ಡಬ್ಬಿ ಇದ್ದ ಎತ್ತರಕ್ಕೆ ಸರಿಯಾಗಿ, ಆ ಕೈ, ಗಾಳಿಯಲ್ಲಿ, ಆ ಕೈ —