ಮಗ್ಗ ನಿಂತ ಬೆಳಿಗ್ಗೆ

ಕಾಲೇಜು ಪರೀಕ್ಷೆಗೆ ಓದಲು ಜಾಗ ಹುಡುಕಿ ಹುಡುಕಿ ಸೇಲಂನಲ್ಲಿ ನನ್ನ ಕಾಲು ಸೋತಿತ್ತು. ಗುಡಿಯ ಮಂಟಪದಲ್ಲಿ ಹಾಳು ಇಸ್ಪೀಟು. ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರು. ಸ್ಟೇಷನ್ನಿನ ಬೆಂಚಿನಿಂದಲೂ ಎಬ್ಬಿಸಿ ಅಟ್ಟಿದರು. ನಮ್ಮ ನೇಕಾರರ ಬೀದಿಯಲ್ಲಂತೂ ಮನೆಮನೆಯಲ್ಲೂ ಮಗ್ಗದ ಸದ್ದು.

"ಪರೀಕ್ಷೆ ಬರ್ಲಿ, ಒಂದಿನ ಎಲ್ಲಾ ಮಗ್ಗನೂ ನಿಲ್ಲುಸ್ತೀನಿ ಕಣ್ಲಾ," ಎಂದಿದ್ದರು ಪಕ್ಕದ ಮನೆಯ ಮುದುಕ ಚೆಂಗೋಡ ಮಾವ.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಬೀದಿಗೆ ಬೀದಿಯೇ ಸುಮ್ಮನಿತ್ತು. ಮಾವ ಮಾತು ಉಳಿಸಿಕೊಂಡರು ಎಂದುಕೊಂಡು ಮನೆಯಲ್ಲೇ ಕೂತು ಓದಿದೆ.

ಅವ್ವ ಒಳಗೆ ಬಂದಳು. "ಏಳ್ಲಾ, ಚೆಂಗೋಡ ಮಾವ ಓಗ್ಬಿಟ್ರು. ಎಣ ಎತ್ತೋಗಂಟ ಬೀದೀಲಿ ಯಾರೂ ಮಗ್ಗ ಮುಟ್ಟಲ್ಲ. ನೇಯೋರ ಮಗ, ಅದೂ ಗೊತ್ತಾಗ್ಲಿಲ್ವಾ?"

ಒಂದು ಪುಟ ಉಳಿದಿತ್ತು. ಓದಿ ಮುಗಿಸಿಯೇ ಎದ್ದೆ.